ಉಪ್ಪುಕಾಗದದ ಮೇಲೆ ಮಸೆದ ಉಳಿ

ಸ್ಟೀವ್ ಲಮಾಂಟಿಯಾ ಎಂಬ ಹೆಸರು ಮರಗೆಲಸದ ಹುಚ್ಚಿಲ್ಲದವರಿಗೆ ಗೊತ್ತಿರಲಾರದು. ಅಮೆರಿಕದ ಈ ಹವ್ಯಾಸಿ ತನ್ನ ಕೀಸುಳಿಯ ತಳವನ್ನು ಸಮ ಮಾಡಲೆಂದು ಗಾಜಿನ ಹಲಗೆಗೆ ಉಪ್ಪುಕಾಗದ ಅಂಟಿಸಿ ಉಜ್ಜುತ್ತಿದ್ದ. ತಳ ಸಮವಾಗುವುದಾದರೆ ಅಲಗನ್ನೂ ಯಾಕೆ ಹೀಗೇ ಮಸೆಯಬಾರದು ಅನ್ನಿಸಿತು. ಒರಟು ಕಾಗದದಿಂದ ಶುರುಮಾಡಿ ನುಣುಪಿನತ್ತ ಒಂದೊಂದಾಗಿ ದಾಟುತ್ತ 2000 ನಂಬರಿನವರೆಗೆ ಹೋದ. ಆಮೇಲೆ ಅಲಗನ್ನು ಮುಂಗೈಗೆ ತಾಗಿಸಿದರೆ ಕೂದಲು ತಾನಾಗಿ ಉದುರಿತು. ಅದನ್ನೆಲ್ಲ ನಗುನಗುತ್ತಾ 1995ರಲ್ಲಿ ಬರೆದು ಹಂಚಿದ. ಆ ವಿಧಾನಕ್ಕೆ ‘ಸ್ಕೇರಿ ಶಾರ್ಪ್’ ಎಂಬ ಹೆಸರು ನಿಂತಿತು. ನೋಡಿದರೆ ಭಯವಾಗುವಷ್ಟು ಹರಿತ ಅಂತ.

ಉಪ್ಪುಕಾಗದದಲ್ಲಿ ಅಲಗು ಮಸೆದವರು ಅವನಿಗಿಂತ ಮುಂಚೆಯೂ ಇದ್ದಿರಬೇಕು. ಆದರೆ ನಮ್ಮಂಥ ಸಾವಿರಾರು ಜನರ ಕೈಗೆ ಅದನ್ನು ಇಟ್ಟವನು ಅವನು. ಜಪಾನಿನ ನೀರುಕಲ್ಲು, ಅರ್ಕಾನ್ಸಾದ ಎಣ್ಣೆಕಲ್ಲು ಎಂದರೆ ಹೊಸಬನ ಜೇಬು ನಡುಗುತ್ತದೆ. ಮಸೆಯುವುದು ಗುರುಮುಖೇನವೇ ಬರಬೇಕಾದ ವಿದ್ಯೆ ಎಂಬ ಅಂಜಿಕೆ ಬೇರೆ. ಅವನ ಬರಹ ಓದಿದವನಿಗೆ ಆ ಅಂಜಿಕೆ ಹೋಗುತ್ತಿತ್ತು. ಬೇಕಾದ ಸಾಮಾನೂ ಸುಲಭದ್ದೇ. ಕರಗಿದ ತವರದ ಮೇಲೆ ತೇಲಿಸಿ ತಯಾರಿಸುವ ಗಾಜು ತಾನಾಗಿಯೇ ಸಮತಟ್ಟು. ನೀರು ಹಾಕಿ ಉಜ್ಜುವ ಕಪ್ಪು ಕಾಗದವನ್ನು ತ್ರೀಎಂ ಕಂಪನಿ 1921ರಲ್ಲೇ ಮಾರುಕಟ್ಟೆಗೆ ತಂದಿತ್ತು. ನಮ್ಮೂರಲ್ಲೂ ಕಾರಿಗೆ ಬಣ್ಣ ಹೊಡೆಯುವವರ ಸಾಮಾನಿನಂಗಡಿಯಲ್ಲಿ ‘ವಾಟರ್ ಪೇಪರ್’ ಎಂದು ಕೇಳಿದರೆ ಎತ್ತಿಕೊಡುತ್ತಾರೆ.

ನಾನೂ ಕೇಳಿದೆ, ಎತ್ತಿಕೊಟ್ಟರು. ಗಾಜಿನಂಗಡಿಯಲ್ಲಿ ಉಳಿದಿದ್ದ ದಪ್ಪ ತುಂಡೊಂದು ಸಿಕ್ಕಿತು. ಹಿತ್ತಲ ಕಟ್ಟೆಯ ಮೇಲೆ ಅದನ್ನಿಟ್ಟು ಮಸೆಯಲು ಕೂತರೆ ಊಟದ ಹೊತ್ತು ಮರೆತುಹೋಗುತ್ತಿತ್ತು. ಆ ಸುಖವನ್ನು ಇವತ್ತಿಗೂ ನಾನು ಹಗುರವಾಗಿ ಕಾಣುವುದಿಲ್ಲ. ಒರಟು ಕಾಗದದಲ್ಲಿ ಉಕ್ಕು ಬೂದಿಬಣ್ಣಕ್ಕೆ ತಿರುಗುತ್ತದೆ, ನೋಡಲು ಏನೂ ಇರುವುದಿಲ್ಲ. 1000 ದಾಟಿದ ಮೇಲೆ ಬೆಳಕು ಏಳುತ್ತದೆ. 2000ಕ್ಕೆ ಬಂದಾಗ ಉಳಿಯ ಇಳಿಜಾರಿನಲ್ಲಿ ನನ್ನ ಕಣ್ಣು ನನಗೇ ಕಾಣುತ್ತಿತ್ತು. ಆ ಬೆಳಕು ಬೇಗ ಬರಲಿ ಎಂಬ ಆಸೆಗೆ ಒರಟು ಕಾಗದದ ಮೇಲೆ ನಾಲ್ಕು ಸಲ ಎಳೆದು ಮುಂದಕ್ಕೆ ಹಾರಿಬಿಡುತ್ತಿದ್ದೆ. ಕೋನ ಹಿಡಿದಿಡುವ ಚಿಕ್ಕ ಗಾಡಿಯೊಂದು ಸಿಗುತ್ತದೆ. ಕೈ ಪಳಗಿದೆ ಎಂದುಕೊಂಡು ಅದನ್ನೂ ಬಿಟ್ಟೆ.

ಅದೇ ದಿನಗಳಲ್ಲಿ ನಮ್ಮನೆಯ ಕಿಟಕಿ ಸರಿಮಾಡಲು ಆಚಾರ್ರೊಬ್ಬರು ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಅವರ ಮಸೆಗಲ್ಲು ನಡುವೆ ಸವೆದು ತಗ್ಗು ಬಿದ್ದಿತ್ತು. ಇಂಥ ಕಲ್ಲಿನಲ್ಲಿ ಅಲಗಿನ ಬಾಯಿ ನೇರ ಬರುವುದಿಲ್ಲ ಎಂದು ನಾನು ಶುರುಮಾಡಿದೆ. ಗಾಜು ತಂದು ತೋರಿಸಿದೆ. ಕಾಗದದ ನಂಬರುಗಳನ್ನು ವಿವರಿಸಿದೆ. 80ರಲ್ಲಿ ಕಣದ ಗಾತ್ರ ಸುಮಾರು 200 ಮೈಕ್ರಾನ್, 2000ದಲ್ಲಿ ಸುಮಾರು 10 ಮೈಕ್ರಾನ್ ಎಂದು ಲೆಕ್ಕ ಒಪ್ಪಿಸಿದೆ. ಕೊನೆಗೆ ನನ್ನ ಉಳಿಯನ್ನು ಅವರ ಕೈಗಿತ್ತೆ. ಅವರು ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳ ಉಗುರಿನ ಮೇಲೆ ಒಮ್ಮೆ ಇಟ್ಟು, ‘ಚೆನ್ನಾಗಿ ಹೊಳೀತದೆ ಸ್ವಾಮಿ’ ಎಂದು ವಾಪಸು ಕೊಟ್ಟರು. ಹೊಗಳಿದರು ಎಂದುಕೊಂಡೆ. ಹರಿತವಾದ ಬಾಯಿ ಉಗುರಿನ ಮೇಲೆ ಕಚ್ಚಿ ನಿಲ್ಲುತ್ತದೆ, ಮೊಂಡಾದದ್ದು ಜಾರುತ್ತದೆ ಎಂಬುದು ನನಗಾಗ ಗೊತ್ತಿರಲಿಲ್ಲ.

ಅಣ್ಣನ ಮಗಳ ಮದುವೆಗೆ ಹಸೆಮಣೆ ನಾನೇ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಚೆನ್ನಾಗಿ ಒಣಗಿದ ಹಲಸಿನ ಹಲಗೆ. ಅತ್ತಿಗೆಯ ತವರಿನ ಹಿತ್ತಲಲ್ಲಿ ಬಿದ್ದ ಮರದ್ದು. ಹಳದಿ ಬಣ್ಣ ಆಗಲೇ ಕಂದಿಗೆ ತಿರುಗತೊಡಗಿತ್ತು. ಅಗಲ ಮಾಡಿ, ಕಾಲು ಕೂಡಿಸಿ, ಮೇಲ್ಮುಖದ ಸುತ್ತ ಒಂದು ಗೆರೆ ಕೊರೆಯುವುದಷ್ಟೇ ಬಾಕಿ. ಉಳಿ ಮರಕ್ಕೆ ಇಳಿಯಲಿಲ್ಲ. ಹಲಸು ಗಡುಸು ಎಂದು ಮರವನ್ನೇ ದೂರಿ ಮೈಭಾರ ಬಿಟ್ಟು ಒತ್ತಿದೆ. ಗಂಟಿನ ಹತ್ತಿರ ಎಳೆ ತಿರುಗುವಲ್ಲಿ ಉಳಿ ಜಾರಿತು. ಮಣೆಯ ನಡುಮಧ್ಯದ ತನಕ ಗೀರು. ಕೂತು ನೋಡಿದೆ. ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಗಾಯವಾಗಿದ್ದು ನನ್ನ ಕೈಗಾಗಿದ್ದರೆ ಎಷ್ಟೋ ವಾಸಿಯಿತ್ತು.

ಮುಚ್ಚಿಡಬಹುದೇ ಎಂದು ಮೊದಲು ಯೋಚಿಸಿದ್ದು ನಿಜ. ಮರದ ಪುಡಿಗೆ ಅಂಟು ಕಲಸಿ ತುಂಬಿದೆ, ಇನ್ನೂ ಎದ್ದು ಕಂಡಿತು. ಕೊನೆಗೆ ಮಣೆಯನ್ನು ಹಳೆ ಪಂಚೆಯಲ್ಲಿ ಸುತ್ತಿ, ಸಂಜೆ ಹೊತ್ತು ನೋಡಿಕೊಂಡು ಅದೇ ಆಚಾರ್ರ ಮನೆಗೆ ಹೋದೆ. ಇನ್ಯಾರಾದರೂ ಆಗಿದ್ದರೆ ಹೋಗುವುದು ಸಲೀಸಾಗುತ್ತಿತ್ತು. ಅವರು ಕೇಳಿದ್ದು ಮದುವೆ ಯಾವಾಗ ಎಂಬುದನ್ನು ಮಾತ್ರ. ತಗ್ಗು ಬಿದ್ದ ಅದೇ ಕಲ್ಲಿಗೆ ನೀರು ಚಿಮುಕಿಸಿ, ಅಂಚಿನ ಸಮತಟ್ಟು ಜಾಗದಲ್ಲಿ ಕೀಸುಳಿಯ ಅಲಗನ್ನು ಮಸೆದು, ಗೀರು ಹೋಗುವ ತನಕ ಇಡೀ ಮುಖವನ್ನು ಕೀಸಿ ತೆಗೆದರು. ಮಣೆ ತೆಳ್ಳಗಾಯಿತು, ಕೆಡಲಿಲ್ಲ. ನಾನು ಕಲ್ಲಿನ ನಡುವಿನ ತಗ್ಗನ್ನು ಕಂಡಿದ್ದೆ. ಅವರು ಮಸೆಯುವುದು ಅಂಚಿನಲ್ಲಿ ಎಂಬುದನ್ನು ಅವತ್ತು ನೋಡಿರಲೇ ಇಲ್ಲ.

ಮನೆಗೆ ಬಂದು ಉಳಿಯ ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿದೆ. ಬಳಿದು ಒಂದೇ ಒಂದು ಸಲ ಎಳೆದರೆ, ಕಾಗದ ಎಲ್ಲಿ ತಾಗುತ್ತಿದೆ, ಎಲ್ಲಿ ತಾಗುತ್ತಿಲ್ಲ ಎಂದು ತಿಳಿಯುತ್ತದೆ. ಇಳಿಜಾರಿನ ನಡುಭಾಗದಲ್ಲಿ ಮಸಿ ಅಳಿಸಿತ್ತು. ಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸಪೂರ ಕಪ್ಪು ಗೆರೆ ಹಾಗೇ ಉಳಿದಿತ್ತು. ಅಷ್ಟು ದಿನ ನಾನು ಮಸೆದದ್ದೆಲ್ಲ ಅಲಗಿನ ಹಿಂದೆ. ಅಲಗು ಎಂದರೆ ಎರಡು ಮುಖ ಕೂಡುವ ಗೆರೆ. ಒರಟು ಕಾಗದ ಆ ಗೆರೆಯನ್ನು ಮುಟ್ಟಿದ ಗುರುತಾಗಿ ಹಿಂಬದಿಗೆ ಲೋಹದ ಸಣ್ಣ ಎಳೆ ಮಡಚಿಕೊಳ್ಳುತ್ತದೆ, ಬೆರಳಿಗೆ ತಟ್ಟುತ್ತದೆ. ಅದು ಉದ್ದಕ್ಕೂ ಬರುವ ಮುನ್ನ ನುಣುಪು ಕಾಗದಕ್ಕೆ ಹೋದರೆ ಮೊಂಡುತನಕ್ಕೇ ಹೊಳಪು ಕೊಟ್ಟ ಹಾಗೆ. ಕೈ ತೂಗಿದ್ದರಿಂದ ಇಳಿಜಾರು ಉಬ್ಬಿಯೂ ಇತ್ತು. ಹಿಂಬದಿಯನ್ನಂತೂ ನಾನು ಸಮ ಮಾಡಿಯೇ ಇರಲಿಲ್ಲ.

ಲಮಾಂಟಿಯಾನ ಬರಹವನ್ನು ಮತ್ತೆ ತೆಗೆದು ಓದಿದೆ. ಮೊದಲ ಸಲ ನನ್ನ ತಲೆಯಲ್ಲಿ ಉಳಿದದ್ದು ಕೊನೆಯಲ್ಲಿ ಬರುವ ಮುಂಗೈ ಕೂದಲು ಮಾತ್ರ. ಅವನಾದರೋ ಒಂದು ಕಾಗದ ಬಿಟ್ಟು ಇನ್ನೊಂದಕ್ಕೆ ಹಾರಿರಲಿಲ್ಲ. ನಗಿಸುವವರ ಮಾತನ್ನು ನಾವು ಸಲೀಸು ಎಂದುಕೊಳ್ಳುತ್ತೇವೆ. ಅವನ ನಗುವಿನ ಕೆಳಗಿದ್ದ ತಾಳ್ಮೆ ನನಗೆ ಕಾಣಿಸಿದ್ದು ಮಣೆ ಗೀರಿದ ಮೇಲೆ. ತನಗೆ ಗೊತ್ತು ಎಂದು ಅವನು ಬರೆದದ್ದಲ್ಲ. ಮಾಡಿನೋಡಿದೆ, ಹೀಗಾಯಿತು, ನನಗೇ ಅಚ್ಚರಿ ಎಂಬ ಧಾಟಿ ಅವನದು. ನಾನು ಆಚಾರ್ರ ಎದುರು ಅವನ ವಿಧಾನವನ್ನು ಒಪ್ಪಿಸಿದ್ದೆ, ಆ ಧಾಟಿಯನ್ನು ಬಿಟ್ಟುಬಿಟ್ಟಿದ್ದೆ.

ಆಮೇಲೆ ಒಂದು ದಿನ ಗಾಜು, ಕಾಗದ ಹಿಡಿದುಕೊಂಡು ಅವರಲ್ಲಿಗೆ ಹೋದೆ, ಈ ಸಲ ಮಾರ್ಕರಿನ ಕತೆಯನ್ನೂ ಹೇಳಿದೆ. ತಮ್ಮ ಕೀಸುಳಿಯ ಅಲಗನ್ನು ಅವರು 2000ದ ಮೇಲೆ ಎಳೆದು, ತಿರುವುಮುರುವು ಎಳೆಯ ತೇಗದ ಮೇಲೆ ಓಡಿಸಿದರು. ಸಿಪ್ಪೆ ಸುರುಳಿಯಾಗಿ ಎದ್ದಿತು. ಒಪ್ಪಿದರು. ಆದರೆ ದಿನಕ್ಕೆ ಹತ್ತಾರು ಸಲ ಮಸೆಯುವವನಿಗೆ ಕಾಗದದ ಖರ್ಚು ಪೂರೈಸುವುದಿಲ್ಲ, ಉಳಿಗೆ ತಮ್ಮ ಕಲ್ಲೇ ಸಾಕು ಎಂದರು. ನಾನು ವಾದ ಮಾಡಲಿಲ್ಲ. ಲೆಕ್ಕ ಅವರದೇ ಸರಿಯಿತ್ತು. ಕೀಸುಳಿಗೆಂದು 2000ದ ಹಾಳೆ ಎರಡು ಇಟ್ಟುಕೊಂಡು, ಉಳಿದದ್ದನ್ನು ನನಗೇ ವಾಪಸು ಕೊಟ್ಟರು.