ಬೆಂಗಳೂರಿನ ಹೊಗೆ ಲೆಕ್ಕದಲ್ಲಿ ನಮ್ಮೂರು ಎಲ್ಲಿದೆ?

ಹೊಲ ಅಳೆಯಲು ಸರ್ವೇಯರ್ ಬಂದ ದಿನ ಅಕ್ಕಪಕ್ಕದವರೆಲ್ಲ ಬದುವಿನ ಮೇಲೆ ಬಂದು ನಿಲ್ಲುತ್ತಾರೆ. ಅಳತೆ ಯಾವ ಕಲ್ಲಿನಿಂದ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಎಲ್ಲರಿಗೂ ಬೇಕು. ನಗರಗಳು ಬಿಡುವ ಹೊಗೆಯನ್ನು ಅಳೆಯಲೂ ಈಗ ಅಂಥವರಿದ್ದಾರೆ. ಅವರನ್ನು ಕನ್ಸಲ್ಟೆಂಟ್ ಅನ್ನುತ್ತಾರೆ. ಆದರೆ ಅವರು ಅಳೆಯುವಾಗ ಬದುವಿನ ಮೇಲೆ ಹಳ್ಳಿಯವರು ಯಾರೂ ಇರುವುದಿಲ್ಲ.

ನಮ್ಮ ಬಳಗದಲ್ಲಿ ಕೆಲವರು ಬೆಂಗಳೂರಿನ ಬಾಡಿಗೆ ರೂಮಿನಲ್ಲಿದ್ದೇವೆ, ಕೆಲವರು ಊರಲ್ಲೇ ಇದ್ದೇವೆ. ಹಾಗಾಗಿ ಈ ಲೆಕ್ಕದ ಎರಡೂ ಕಡೆ ನಾವಿದ್ದೇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಬಿಬಿಎಂಪಿ 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಯನ್ನು ಹೊರತಂದಿತು. 2050ರ ಹೊತ್ತಿಗೆ ನಗರ ಬಿಡುವ ಹಸಿರುಮನೆ ಅನಿಲವನ್ನು ನಿವ್ವಳ ಶೂನ್ಯಕ್ಕೆ ತರುವುದು ಅದರ ಗುರಿ. ಅಂದರೆ ಆದಷ್ಟು ಕಡಿಮೆ ಮಾಡಿ, ಉಳಿದದ್ದನ್ನು ಬೇರೆ ದಾರಿಯಲ್ಲಿ ಸರಿದೂಗಿಸುವುದು. ಲೆಕ್ಕ ಹಾಕಲು ಸಿ40 ನಗರಗಳ ಕೂಟ ಮತ್ತು ಡಬ್ಲ್ಯುಆರ್‌ಐ ಇಂಡಿಯಾ ನೆರವಾದವು. ಬೇರೆ ಊರುಗಳಲ್ಲಿ ಇದೇ ಕೆಲಸಕ್ಕೆ ಟೆಂಡರ್ ಕರೆದು ಕನ್ಸಲ್ಟೆಂಟ್ ಹುಡುಕುವುದೂ ಉಂಟು.

ಇವರು ಮಾಡುವ ಕೆಲಸ ಮಂತ್ರವೇನಲ್ಲ. ಒಂದು ವರ್ಷವನ್ನು ಆರಿಸಿಕೊಳ್ಳುತ್ತಾರೆ. ಆ ವರ್ಷ ನಗರದಲ್ಲಿ ಎಷ್ಟು ಯೂನಿಟ್ ಕರೆಂಟ್ ಖರ್ಚಾಯಿತು, ಎಷ್ಟು ಪೆಟ್ರೋಲ್ ಡೀಸೆಲ್ ಉರಿಯಿತು, ಎಷ್ಟು ಟನ್ ಕಸ ಹುಟ್ಟಿತು ಎಂದು ಕೇಳಿ ಪಡೆಯುತ್ತಾರೆ. ಆಮೇಲೆ ಗುಣಿಸುತ್ತಾರೆ. ನಮ್ಮ ದೇಶದ ಗ್ರಿಡ್‌ನ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯ ಪಾಲು 70 ಕೆ.ಜಿ. ಆಯಿತು. ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆ.ಜಿ. ಒಂದು ಕೆ.ಜಿ.ಯೂ ತೂಗದ ಡೀಸೆಲ್ ಇಷ್ಟೊಂದು ಅನಿಲ ಆಗುವುದು ಹೇಗೆ? ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕ ಬಂದು ಸೇರಿಕೊಳ್ಳುತ್ತದೆ, ಅದಕ್ಕೆ.

ಇದಾದ ಮೇಲೆ ಮುಂದಿನ ಲೆಕ್ಕ. ಈಗಿನ ಹಾಗೇ ವಾಹನ, ಕಟ್ಟಡ ಹೆಚ್ಚಿದರೆ 2030ಕ್ಕೆ ಎಷ್ಟು, 2050ಕ್ಕೆ ಎಷ್ಟು? ಬಸ್ಸು ಹೆಚ್ಚಿಸಿದರೆ ಎಷ್ಟು ಇಳಿಯುತ್ತದೆ? ಚಾವಣಿಗೆಲ್ಲ ಸೋಲಾರ್ ಹಾಕಿದರೆ? ಇದನ್ನೇ ಮಾಡೆಲ್ ಅನ್ನುವುದು.

ನಮ್ಮ ತಕರಾರು ಗುಣಾಕಾರದ ಬಗ್ಗೆ ಅಲ್ಲ, ಗೆರೆಯ ಬಗ್ಗೆ.

2014ರಿಂದ ಜಗತ್ತಿನ ಅನೇಕ ನಗರಗಳು ಬಳಸುವ ಒಂದು ಪದ್ಧತಿ ಇದೆ. ಅದರ ಪ್ರಕಾರ ಲೆಕ್ಕಕ್ಕೆ ಮೂರು ಕಂತು. ನಗರದೊಳಗೇ ಉರಿದದ್ದು ಒಂದು. ಗ್ರಿಡ್‌ನಿಂದ ತಂದು ನಗರದಲ್ಲಿ ಬಳಸಿದ ಕರೆಂಟಿನದ್ದು ಎರಡು. ನಗರದ ಕಾರಣಕ್ಕೆ ಗಡಿಯಾಚೆ ಹುಟ್ಟಿದ್ದು ಮೂರು. ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರಿದು ಬೆಂಗಳೂರಿಗೆ ಬಂದ ಕರೆಂಟು ಬೆಂಗಳೂರಿನ ಖಾತೆಗೇ ಸೇರುತ್ತದೆ. ನಗರದ ಕಸ ಎಲ್ಲೇ ಕೊಳೆತರೂ ಅದರ ಮೀಥೇನ್ ನಗರದ ಖಾತೆಗೇ. ಇಷ್ಟರ ಮಟ್ಟಿಗೆ ಪದ್ಧತಿ ನ್ಯಾಯವಾಗಿದೆ.

ಆದರೆ ಕಾವೇರಿ ನೀರನ್ನು ನೋಡಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ನೀರು ತರುತ್ತಾರೆ. ಆ ಪಂಪು ತಿರುಗುವುದು ನಗರದ ಗೆರೆಯ ಆಚೆ. ಅದರ ಕರೆಂಟನ್ನು ಯಾರ ಖಾತೆಗೆ ಬರೆಯಬೇಕು ಎಂದು ಕೆಲಸ ಒಪ್ಪಿಸುವಾಗಲೇ ಬರೆದುಕೊಡದಿದ್ದರೆ ಅದು ಸುಲಭವಾಗಿ ಬಿಟ್ಟುಹೋಗಬಹುದು. ಹಳ್ಳಿಯಿಂದ ಬರುವ ಹಾಲು, ತರಕಾರಿ, ಇಟ್ಟಿಗೆ ತಯಾರಾಗುವಾಗ ಹುಟ್ಟುವ ಅನಿಲವನ್ನಂತೂ ನಗರ ಎಣಿಸಲೇಬೇಕೆಂದಿಲ್ಲ.

ಎಣಿಸಿದ್ದರಲ್ಲೂ ಒಂದು ಮಾತಿದೆ. ಮಂಡೂರಿನಲ್ಲಿ ವರ್ಷಗಟ್ಟಲೆ ಬೆಂಗಳೂರಿನ ಕಸ ಸುರಿದರು. ಊರವರು ಹೋರಾಡಿದ ಮೇಲೆ 2014ರ ಕೊನೆಗೆ ನಿಲ್ಲಿಸಿದರು. ಅಂಥ ಗುಡ್ಡೆಯ ಮೀಥೇನ್ ಇಷ್ಟು ಟನ್ ಎಂದು ಲೆಕ್ಕದ ಹಾಳೆಯಲ್ಲಿ ಬರುತ್ತದೆ. ಬಾವಿಗಿಳಿದ ಕೊಳಕು ನೀರಿಗೆ, ನೊಣಕ್ಕೆ, ನಾತಕ್ಕೆ ಆ ಹಾಳೆಯಲ್ಲಿ ಕಾಲಂ ಇಲ್ಲ. ಕಲ್ಲಿದ್ದಲಿನ ಬೂದಿಗೂ ಇಲ್ಲ.

ಪರಿಹಾರದ ಕಡೆಗೂ ಹೀಗೇ. ಮಾಡೆಲ್ ಪ್ರಕಾರ ಸೋಲಾರ್ ಹೆಚ್ಚಿಸಿದರೆ ನಗರದ ಅಂಕಿ ಇಳಿಯುತ್ತದೆ. ಒಳ್ಳೆಯದೇ. ಆದರೆ ಜಮೀನು ಯಾರದು? ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ನದು, ಸುಮಾರು 13,000 ಎಕರೆ. ಜಮೀನು ಕೊಟ್ಟ ರೈತರಿಗೆ ವರ್ಷಾವರ್ಷ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಕರಾರಿನಲ್ಲಿ ಪಾಲಿಲ್ಲ. ಕನ್ಸಲ್ಟೆಂಟ್ ಇದನ್ನೆಲ್ಲ ಬೇಕೆಂದೇ ಬಿಡುವುದಿಲ್ಲ. ಕೇಳಿದ್ದನ್ನು ಮಾಡಿಕೊಡುತ್ತಾರೆ. ಕೇಳುವವರು ಏನು ಕೇಳುತ್ತಾರೆ ಎಂಬುದೇ ಮುಖ್ಯ.

ಈ ಮಾತು ಈಗ ಯಾಕೆಂದರೆ, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಇನ್ನು ಯಾರು ಲೆಕ್ಕ ಹಾಕಿದರೂ ಗೆರೆ ಎಲ್ಲಿ ಎಂದು ಮತ್ತೆ ತೀರ್ಮಾನಿಸಲೇಬೇಕು.

ಆಗ ಷರತ್ತಿನಲ್ಲಿ ಮೂರು ಮಾತು ಸೇರಬೇಕು ಎಂಬುದು ನಮ್ಮ ಅಭಿಪ್ರಾಯ. ಒಂದು, ವರದಿ ಮಾತ್ರವಲ್ಲ, ಲೆಕ್ಕದ ಹಾಳೆಗಳೂ ಪಾಲಿಕೆಯ ಕೈಯಲ್ಲಿರಬೇಕು, ಕನ್ನಡದಲ್ಲಿ ಎಲ್ಲರಿಗೂ ಸಿಗಬೇಕು. ಎರಡು, ಪಾಲಿಕೆಯ ನೌಕರರಿಗೇ ಈ ಲೆಕ್ಕ ಕಲಿಸಿಕೊಡಬೇಕು. ಪ್ರತಿ ಸಲ ಹೊರಗಿನವರನ್ನು ಕರೆಯುವಂತಾಗಬಾರದು. ಮೂರು, ಕರೆಂಟು ಮತ್ತು ನೀರು ಬರುವ, ಕಸ ಹೋಗುವ ಊರುಗಳಲ್ಲಿ ಸಭೆ ಕರೆದು ಕೇಳಬೇಕು.

ನಿಮ್ಮ ಊರು ಅಂಥದ್ದಾದರೆ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ಕನ್ನಡದಲ್ಲೇ ಬರೆಯಬಹುದು. ಕೇಳಬೇಕಾದ ಪ್ರಶ್ನೆ ಒಂದೇ ಸಾಲಿನದು: ನಗರದ ಹೊಗೆ ಲೆಕ್ಕದಲ್ಲಿ ನಮ್ಮ ಊರಿನ ಹೆಸರು ಯಾವ ಪುಟದಲ್ಲಿದೆ?