ಕುಂಟುವ ಕಾರೂ ನನ್ನ ಬಿ.ಎ. ಓದೂ

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಇವುಗಳನ್ನು ಓದುತ್ತಿರುವ ಬಿ.ಎ. ವಿದ್ಯಾರ್ಥಿಯೊಬ್ಬನು ಮೋಟಾರು ಕಾರಿನ ಬಾನೆಟ್ಟನ್ನು ಎತ್ತಿಕೊಂಡು ನಿಂತರೆ ನೋಡಿದವರಿಗೆ ನಗು ಬರುವುದು ಸಹಜ. ನಮ್ಮ ಬೀದಿಯವರು ನಕ್ಕರು. ಅವರ ಮೇಲೆ ನನಗೆ ಕೋಪವಿಲ್ಲ. ಒಂದು ಗಂಟೆ ಕಳೆಯುವುದರೊಳಗಾಗಿ ನನಗೇ ನನ್ನ ಪಾಂಡಿತ್ಯವನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದಾಯಿತು. ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನಮ್ಮ ತಂದೆಯವರು ಬಾಡಿಗೆ ಕಾರು ಓಡಿಸುತ್ತಾರೆ. ಸಾಲ ಮಾಡಿ ಕೊಂಡ ಹಳೆಯ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರಿನದು. ನಮ್ಮ ಮನೆಯ ಅನ್ನ, ನನ್ನ ಪುಸ್ತಕ, ತಂಗಿಯ ಸಮವಸ್ತ್ರ ಎಲ್ಲವೂ ಅದರ ನಾಲ್ಕು ಚಕ್ರಗಳ ಮೇಲೆಯೇ ಉರುಳಿಕೊಂಡು ಬರತಕ್ಕವು. ಕಳೆದ ಕಾರ್ತಿಕದಲ್ಲಿ ಧರ್ಮಸ್ಥಳದಿಂದ ಹಿಂತಿರುಗುವಾಗ ಶಿರಾಡಿ ಘಾಟಿಯ ಏರಿನಲ್ಲಿ ಈ ಕಾರು ಕುಂಟತೊಡಗಿತು. ಉಸಿರು ಕಟ್ಟಿದ ಎತ್ತಿನಂತೆ ಮುಗ್ಗರಿಸುತ್ತ, ಮೈಯೆಲ್ಲ ನಡುಗಿಸುತ್ತ, ಮುಂದಿನ ಹಲಗೆಯಲ್ಲಿ ಹಳದಿ ದೀಪವನ್ನು ಮಿಟುಕಿಸುತ್ತ ಹೇಗೋ ಊರು ಸೇರಿತು. ಮರುದಿನ ತೋರಿಸಿದ ಕಡೆಯಲ್ಲಿ, “ಕಾಯಿಲುಗಳು ಹೋಗಿವೆ, ನಾಲ್ಕನ್ನೂ ಬದಲಾಯಿಸಬೇಕು, 11,000 ರೂಪಾಯಿ ಆಗುತ್ತದೆ” ಎಂದರು. ತಂದೆಯವರು ಏನೂ ಹೇಳದೆ ಕಾರನ್ನು ಮನೆಗೆ ತಂದು ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಐದು ಗಂಟೆಗೆ ಒಂದು ಬಾಡಿಗೆ ಇತ್ತು. ನೆರೆಯ ಬೀದಿಯ ಅಜ್ಜಿಯೊಬ್ಬರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹಾಸನಕ್ಕೆ ಕರೆದುಕೊಂಡು ಹೋಗುವುದು ತಂದೆಯವರ ಕೆಲಸ. ಉಳಿದ ಬಾಡಿಗೆಗಳನ್ನು ಬಿಟ್ಟರೂ ಇದನ್ನು ಬಿಡುವಂತಿರಲಿಲ್ಲ.

ನಾನು ಆಗ ಧೈರ್ಯ ಮಾಡಿ, “ನಾನೇ ನೋಡುತ್ತೇನೆ” ಎಂದೆ.

“ನಿನ್ನ ಕೈಗೆ ಮಸಿ ಹತ್ತಬಾರದು ಅಂತಲೇ ಓದಿಸುತ್ತಾ ಇರೋದು. ಒಳಗೆ ಹೋಗಿ ಓದಿಕೋ” ಎಂದರು ತಂದೆಯವರು.

ನಾನು ಒಳಗೆ ಹೋಗಿ ಓದಿಕೊಂಡೆ. ಆದರೆ ಅರ್ಥಶಾಸ್ತ್ರವನ್ನಲ್ಲ, ಕಾರಿನ ಕಾಯಿಲಿನ ವಿಷಯವನ್ನು. ವಾಚಕರೆ, ಅದೊಂದು ಸೋಜಿಗದ ವಸ್ತು! ಕಾರಿನ ಬ್ಯಾಟರಿಯಲ್ಲಿರುವುದು ಕೇವಲ 12 ವೋಲ್ಟು. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುವ ಸುಮಾರು ಒಂದು ಮಿಲಿಮೀಟರಿನ ಸಂದನ್ನು ಕಿಡಿಯು ಹಾರಬೇಕಾದರೆ ಸಾವಿರಾರು ವೋಲ್ಟು ಬೇಕು. ಕಾಯಿಲಿನೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಗಳ ಸುರುಳಿಗಳಿವೆ. ಒಂದರಲ್ಲಿ ಸುತ್ತುಗಳು ಕಡಮೆ, ಇನ್ನೊಂದರಲ್ಲಿ ಬಹಳ ಹೆಚ್ಚು. ಮೊದಲನೆಯದರಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಅದು ಕಟ್ಟಿದ್ದ ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತದಿಂದಲೇ ಎರಡನೆಯದರಲ್ಲಿ 20,000 ವೋಲ್ಟಿಗೂ ಮಿಕ್ಕ ಒತ್ತಡ ಹುಟ್ಟಬಲ್ಲದು. ಈ ತತ್ತ್ವವನ್ನು 1831ರಲ್ಲಿ ಕಂಡುಕೊಂಡವನು ಮೈಕೆಲ್ ಫ್ಯಾರಡೆ. ಅವನು ಕಮ್ಮಾರನ ಮಗ. ಹುಡುಗನಾಗಿದ್ದಾಗ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು. ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಸಲ ಈ ಕಿಡಿ ಹಾರಬೇಕು. ಒಂದು ಸಿಲಿಂಡರು ಮೌನ ವಹಿಸಿತೆಂದರೆ ಕಾರು ಕುಂಟುತ್ತದೆ. ಉರಿಯದ ಪೆಟ್ರೋಲು ಹೊಗೆಕೊಳವೆಯನ್ನು ಸೇರಿ ಅಲ್ಲಿರುವ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕೆಡಿಸುತ್ತದೆ. ಮಿಟುಕುವ ದೀಪ ಹೇಳುತ್ತಿದ್ದುದು ಇದನ್ನೇ.

ಗೆಳೆಯನೊಬ್ಬನ ಬಳಿ ದೋಷವನ್ನು ಓದಿ ತೋರಿಸುವ ಪುಟ್ಟ ಉಪಕರಣವಿತ್ತು. ಅದನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿ ನೋಡಲಾಗಿ ‘ಪಿ 0303’ ಎಂದು ಬಂದಿತು. ಅಂದರೆ ಮೂರನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಎಂದರ್ಥ. ನಾಲ್ಕು ಬೇಡ, ಒಂದೇ ಕಾಯಿಲು ಸಾಕು! ಪರೀಕ್ಷೆಯ ಶುಲ್ಕಕ್ಕೆಂದು ಕೂಡಿಟ್ಟಿದ್ದ ಹಣದಲ್ಲಿ 2,200 ರೂಪಾಯಿ ಕೊಟ್ಟು ಒಂದು ಹೊಸ ಕಾಯಿಲನ್ನು ತಂದೆ. ತಂದೆಯವರು ನನ್ನನ್ನು ನೋಡಿದರು, ಆ ಪೊಟ್ಟಣವನ್ನು ನೋಡಿದರು, ಬೀಡಿ ಹಚ್ಚಿಕೊಂಡು ಜಗಲಿಯ ಮೇಲೆ ಕುಳಿತರು.

ಎಂಜಿನು ಆರುವ ತನಕ ಕಾದೆ. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿದೆ. ಕಾಯಿಲಿಗೆ ಬಂದಿದ್ದ ತಂತಿಯ ಕೊಂಡಿಯನ್ನು ಅದರ ನಾಲಗೆ ಮುರಿಯದಂತೆ ಒತ್ತಿ ಕಳಚಿದೆ. 10 ಮಿಲಿಮೀಟರಿನ ಒಂದೇ ಒಂದು ಬೋಲ್ಟು. ಅದನ್ನು ತೆಗೆದು, ಕಾಯಿಲನ್ನು ತುಸು ತಿರುಚಿ ಮೇಲಕ್ಕೆಳೆದರೆ ರಬ್ಬರಿನ ಉದ್ದ ಕೊರಳಿನೊಡನೆ ಹೊರಗೆ ಬಂದಿತು. ಹೊಸದನ್ನು ಪ್ಲಗ್ಗಿನ ತಲೆಯ ಮೇಲೆ ಕುಳಿತುಕೊಳ್ಳುವ ತನಕ ಒತ್ತಿ, ಬೋಲ್ಟನ್ನು ಹಿತವಾಗಿ ಬಿಗಿದೆ. ಕೆಳಗಿರುವುದು ಅಲ್ಯುಮಿನಿಯಮ್, ಬಲ ತೋರಿಸಿದರೆ ಮರೆ ಹಾಳಾಗುತ್ತದೆ. ಹಳೆಯ ಕಾಯಿಲನ್ನು ಗುಜರಿಗೆಂದು ಮೂಲೆಗೆ ಎಸೆದೆ. ಬ್ಯಾಟರಿಯ ತಂತಿಯನ್ನು ಮರಳಿ ಜೋಡಿಸಿ, ವಿಜಯಿಯಂತೆ ಕೀಲಿಕೈ ತಿರುಗಿಸಿದೆ.

ಕಾರು ಮೊದಲಿನಂತೆಯೇ ಕುಂಟಿತು.

ಆಗ ನನ್ನ ಮುಖ ಹೇಗಿದ್ದಿತೋ ನಾನು ಕಾಣೆ. ಪರೀಕ್ಷೆಯ ಹಣವೂ ಹೋಯಿತು, ಬೆಳಗಿನ ಬಾಡಿಗೆಯೂ ಹೋಯಿತು ಎಂದುಕೊಂಡೆ. ಬೀದಿಯವರು ನಗುವುದನ್ನೂ ನಿಲ್ಲಿಸಿದ್ದರು. ಅದು ಇನ್ನೂ ಕಷ್ಟವಾಗಿತ್ತು.

ತಂದೆಯವರು ಎದ್ದು ಬಂದರು. ಅವರು ಮೋಟಾರು ಕಲಿತದ್ದು 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರಿನಲ್ಲಿ. ಅದರಲ್ಲಿ ಇಡೀ ಎಂಜಿನಿಗೆ ಒಂದೇ ಕಾಯಿಲು; ಅದರ ಕಿಡಿಯನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವುದಕ್ಕೆ ಡಿಸ್ಟ್ರಿಬ್ಯೂಟರ್ ಎಂಬುದೊಂದು ಇತ್ತು. “ಎಂಜಿನ್ ಓಡುತ್ತಿರಲಿ. ಆ ಸಣ್ಣ ಕೊಂಡಿಗಳನ್ನು ಒಂದೊಂದಾಗಿ ಕಳಚಿ ಮತ್ತೆ ಹಾಕು. ಕಾಯಿಲನ್ನು ಮಾತ್ರ ಮುಟ್ಟಬೇಡ, ಹೊಡೆಯುತ್ತದೆ” ಎಂದು ಹೇಳಿ ಕಣ್ಣು ಮುಚ್ಚಿ ನಿಂತರು.

ಮೊದಲನೆಯದನ್ನು ಕಳಚಿದೆ. ಎಂಜಿನಿನ ದನಿ ಕುಗ್ಗಿತು. “ಅದು ಸರಿಯಾಗಿದೆ.” ಎರಡನೆಯದನ್ನು ಕಳಚಿದೆ. ದನಿ ಒಂದಿಷ್ಟೂ ಬದಲಾಗಲಿಲ್ಲ. ತಂದೆಯವರು ಕಣ್ಣು ತೆರೆದು, “ಸತ್ತಿರೋದು ಅದು” ಎಂದರು. ಬದುಕಿರುವುದನ್ನು ಕಳಚಿದರೆ ತಾನೆ ಎಂಜಿನಿಗೆ ನಷ್ಟ ತಿಳಿಯುವುದು?

“ಆದರೆ ಕೆಟ್ಟಿರುವುದು ಮೂರನೆಯದು ಎಂದು ಬಂದಿದೆಯಲ್ಲ?” ಎಂದೆ. “ಎಲ್ಲಿಂದ ಎಣಿಸಿದೆ?” ಎಂದು ಕೇಳಿದರು. ಕಾರಿನ ಒಂದು ಪಕ್ಕಕ್ಕೆ ನಮ್ಮ ಗೋಡೆ. ನಾನು ಇನ್ನೊಂದು ಪಕ್ಕದಲ್ಲಿ ನಿಂತು ನನಗೆ ಹತ್ತಿರವಿದ್ದುದನ್ನೇ ಒಂದನೆಯದೆಂದು ಎಣಿಸಿದ್ದೆ. ಎಣಿಕೆ ಆರಂಭವಾಗುವುದು ಬೆಲ್ಟಿನ ಕಡೆಯಿಂದ. ಆ ಬೆಲ್ಟು ಗೋಡೆಯ ಕಡೆಗಿತ್ತು! ಪುಸ್ತಕ ಹೇಳಿದ್ದು ಸುಳ್ಳಲ್ಲ, ಉಪಕರಣ ಹೇಳಿದ್ದೂ ಸುಳ್ಳಲ್ಲ. ಎಲ್ಲಿ ನಿಂತು ಓದುತ್ತಿದ್ದೇನೆ ಎಂಬುದನ್ನು ಮಾತ್ರ ನಾನು ನೋಡಿಕೊಂಡಿರಲಿಲ್ಲ.

ಎಂಜಿನನ್ನು ಮತ್ತೆ ನಿಲ್ಲಿಸಿ ಆರಿಸಿದೆವು. ನಿಜವಾದ ಮೂರನೆಯ ಕಾಯಿಲನ್ನು ತೆಗೆದು ನೋಡಿದರೆ ಅದರ ಕೊರಳಿನಲ್ಲಿ ಕೂದಲೆಳೆಯಂಥ ಬಿರುಕು. ಮೂಲೆಗೆ ಎಸೆದಿದ್ದ ಹಳೆಯ ಕಾಯಿಲನ್ನು ತಂದೆಯವರೇ ಎತ್ತಿಕೊಂಡು, ಪಂಚೆಯ ಅಂಚಿನಿಂದ ಧೂಳೊರೆಸಿ ನನ್ನ ಕೈಗೆ ಕೊಟ್ಟರು. “ಇದರದ್ದೇನೂ ತಪ್ಪಿಲ್ಲವಲ್ಲ” ಎಂದರು. ಅದನ್ನೇ ಅಲ್ಲಿ ಕೂಡಿಸಿದೆ. ಕಾರು ಅಜ್ಜಿಯ ರಾಟೆಯಂತೆ ಸಮನಾಗಿ ಓಡಿತು. ಬೆಳಿಗ್ಗೆ ಐದಕ್ಕೆ ಹೊರಟು, ಹೊತ್ತಿಗೆ ಸರಿಯಾಗಿ ಹಾಸನವನ್ನು ಮುಟ್ಟಿತು.

ಅಂದು ರಾತ್ರಿ ಅಪ್ಪನೂ ಮಗನೂ ಒಂದೇ ಬಕೆಟ್ಟಿನಲ್ಲಿ ಸೀಗೆಪುಡಿ ಹಾಕಿಕೊಂಡು ಕೈ ತೊಳೆದೆವು. ಮಸಿ ಪೂರ್ತಿ ಹೋಗಲಿಲ್ಲ. “ಎರಡು ದಿನ ಇರುತ್ತೆ, ಆಮೇಲೆ ಹೋಗುತ್ತೆ” ಎಂದು ಅವರು ಸಮಾಧಾನ ಹೇಳಿದರು. ಅವರ ಉಗುರುಗಳ ಮಸಿ ನಾನು ಹುಟ್ಟುವ ಮೊದಲಿನಿಂದಲೂ ಇದೆ.

ಒಂದು ವಿಷಯವನ್ನು ಹೇಳಿ ಮುಗಿಸುತ್ತೇನೆ. ಕಾಲೇಜಿಗೆ ಸೇರಿದ ವರ್ಷ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ಸ್ವಂತ ವ್ಯವಹಾರ’ ಎಂದು ಬರೆದಿದ್ದೆ. ಡ್ರೈವರು ಎಂದು ಬರೆಯಲು ಕೈ ಬಂದಿರಲಿಲ್ಲ. ಮೊನ್ನೆ ತಂದೆಯವರೇ ಕೊಟ್ಟ ಹಣದಿಂದ ಪರೀಕ್ಷೆಯ ಶುಲ್ಕ ಕಟ್ಟಿ, ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಅದೇ ಪ್ರಶ್ನೆ ಮತ್ತೆ ಎದುರಾಯಿತು. ಬೆರಳಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಮಸಿ ಉಳಿದಿತ್ತು. ‘ಕಾರು ಚಾಲಕರು’ ಎಂದು ಸ್ಫುಟವಾಗಿ ಬರೆದೆ.