ಇಪ್ಪತ್ತೇಳರ ಆಚೆ

ಹೊರಗೆ ಆಟಿಯ ಮಳೆ. ಸಂತೆಕಟ್ಟೆಯ ಬಾಡಿಗೆ ಕೋಣೆಯೊಂದರಲ್ಲಿ ಯಾರೋ ಎಂಟರ್ ಒತ್ತಿದರು, ಲ್ಯಾಪ್‌ಟಾಪಿನೊಳಗೆ ಮೆಮೊರಿಯ ಬೈಟುಗಳನ್ನು ಒಂದೊಂದಾಗಿ ಓದುವ ಪಾಯಿಂಟರ್ ಓಟ ಕಿತ್ತಿತು. 224, 178, 184. ‘ಸ’ ದಾಟಿತು! ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಅನುಸ್ವಾರ, ತ, ಎತ್ವ, ಕ, ಟ, ಹಲಂತ, ಇನ್ನೊಂದು ಟ, ಮತ್ತೆ ಎತ್ವ. ‘ಸಂತೆಕಟ್ಟೆ’ಗೆ ಒಂಬತ್ತು ಚಿಹ್ನೆ, 27 ಬೈಟ್. ಪ್ರೋಗ್ರಾಮ್ ಬರೆದಾತ ಅರೇಯಲ್ಲಿ ಕಾದಿರಿಸಿದ್ದೂ ಸರಿಯಾಗಿ 27. ಕೊನೆಗಿರಬೇಕಾದ ಸೊನ್ನೆಗೆ ಜಾಗವೇ ಇಲ್ಲ. ಸಿ++ ಆಗಿದ್ದರೆ ಒಪ್ಪುತ್ತಿರಲಿಲ್ಲ. ಸಿ ಭಾಷೆ ಇದಕ್ಕೆ ತಕರಾರು ಮಾಡುವುದಿಲ್ಲ.

ಸೊನ್ನೆ ಸಿಗುವ ತನಕ ನಿಲ್ಲಬೇಡ ಎಂಬುದೊಂದೇ ಪರದೆಗೆ ಬರೆಯುವ ಪ್ರಿಂಟ್‌ಎಫ್‌ನ ಅಪ್ಪಣೆ. ಬಸ್ಸಿನಲ್ಲಿ ನಿದ್ದೆಹೋದವ ಸಂತೆಕಟ್ಟೆಯಲ್ಲಿ ಇಳಿಯದೆ, ಕಲ್ಯಾಣಪುರದ ಸೇತುವೆಯನ್ನೂ ದಾಟಿ ಬ್ರಹ್ಮಾವರದ ಕಡೆ ಹೋದಂತೆ, ಪಾಯಿಂಟರ್ 28ನೆಯ ಬೈಟಿಗೆ ಕಾಲಿಟ್ಟಿತು.

ಇನ್ನು ಭಾಷೆಯ ನಿಯಮವೂ ಹೊಣೆಯಲ್ಲ. ಪಕ್ಕದಲ್ಲೇ ನಾಲ್ಕು ಬೈಟಿನ ಪಿನ್. ಅದಕ್ಕೂ ಸೊನ್ನೆಯಿಲ್ಲ! ಒಂದೊಂದೇ ಅಂಕಿ ಪರದೆಗೆ ಬಿತ್ತು. ಓಡು, ಓಡು. ಮುಂದೆ ಯಾವುದೋ ಹಳೆಯ ಫಂಕ್ಷನ್ ಬಿಟ್ಟುಹೋದ ಕಸ. ಅದರಾಚೆ? ಮೆಮೊರಿಯಲ್ಲಿ ಸಾಮಾನ್ಯವಾಗಿ 4096 ಬೈಟಿಗೊಂದು ಪುಟ. ಹಕ್ಕಿಲ್ಲದ ಪುಟಕ್ಕೆ ಬೆರಳು ತಾಗಿದರೆ ಲಿನಕ್ಸ್ ಅಲ್ಲೇ ಕತ್ತು ಹಿಡಿಯುತ್ತದೆ: ಸೆಗ್ಮೆಂಟೇಶನ್ ಫಾಲ್ಟ್. ನನ್ನನ್ನು ಕೇಳಿದರೆ ಹಾಗೆ ಸಾಯುವುದೇ ವಾಸಿ. ಸತ್ತರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ.

ಸಾಯದೆ ಉಳಿದದ್ದರ ಕಥೆ ಬೇಕೇ? 2012ರ ಮಾರ್ಚ್‌ನಲ್ಲಿ, ಜಾಲದ ಮಾತುಕತೆಗೆ ಗೂಢಲಿಪಿಯ ರಕ್ಷಣೆ ಕೊಡುವ ಓಪನ್‌ಎಸ್‌ಎಸ್‌ಎಲ್‌ನ 1.0.1 ಆವೃತ್ತಿ ಬಂತು. ಎದುರಿನವರು ಹೇಳಿದ ಉದ್ದವನ್ನು ಅಳೆದು ನೋಡದೆ, ಅಷ್ಟನ್ನೂ ನಕಲು ಮಾಡಿ ವಾಪಸು ಕಳಿಸುವ ಕೋಡ್ ಅದರಲ್ಲಿತ್ತು. ಒಂದು ಕೋರಿಕೆಗೆ 64 ಕಿಲೋಬೈಟ್‌ವರೆಗೆ ಪಕ್ಕದ ಮೆಮೊರಿ: ಪಾಸ್‌ವರ್ಡ್‌ಗಳು, ಖಾಸಗಿ ಕೀಲಿಗಳು. ಸರ್ವರ್ ಬೀಳುವುದಿಲ್ಲ, ಲಾಗಿನಲ್ಲೂ ಸಾಮಾನ್ಯವಾಗಿ ಸುಳಿವಿಲ್ಲ. ‘ಹಾರ್ಟ್‌ಬ್ಲೀಡ್’ ಎಂಬ ಹೆಸರಿನಲ್ಲಿ ಲೋಕಕ್ಕೆ ಬಯಲಾದದ್ದು 2014ರ ಏಪ್ರಿಲ್ 7ರಂದು. ಎರಡು ವರ್ಷ!

ಇತ್ತ ನಮ್ಮ ಪಾಯಿಂಟರ್ ಕಸ ತುಳಿದು ಮುನ್ನುಗ್ಗಿದಾಗ ಎದುರು ನಿಂತದ್ದು ಕ್ಯಾನರಿ: ಅರೇಗಳ ಆಚೆಗೆ ಕಂಪೈಲರ್ ಕಾವಲಿಗಿಟ್ಟ ಎಂಟು ಬೈಟ್. ಅದನ್ನಿಟ್ಟದ್ದು ಮೇರೆ ಮೀರಿ ಬರೆಯುವವರನ್ನು ಹಿಡಿಯಲಿಕ್ಕೆ, ಮೀರಿ ಓದುವವರನ್ನಲ್ಲ. ಆದರೆ 64 ಬಿಟ್ ಲಿನಕ್ಸಿನಲ್ಲಿ ಅದರ ಮೊದಲ ಬೈಟನ್ನು ಬೇಕೆಂದೇ ಸೊನ್ನೆಯಾಗಿಡುತ್ತಾರೆ. ಸೊನ್ನೆ! ಓಟ ನಿಂತಿತು.

ಪರದೆಯ ಮೇಲೆ ಊರಿನ ಹೆಸರು, ಅದಕ್ಕಂಟಿಕೊಂಡು ನಾಲ್ಕು ಅಂಕಿ, ಬಾಲಕ್ಕೆ ಅರ್ಥವಾಗದ ಒಂದು ಗುರುತು. ಚೌಕ ಆವರಣದೊಳಗೆ 27 ಎಂದು ಬರೆಯದೆ ಖಾಲಿ ಬಿಟ್ಟಿದ್ದರೆ ಕಂಪೈಲರ್ ತಾನೇ ಎಣಿಸಿ 28 ಇಡುತ್ತಿತ್ತು. ಅದನ್ನು ಈಗಲೂ ತಿದ್ದಬಹುದು. ಪಿನ್ನನ್ನು ಮಾತ್ರ ಬದಲಿಸಲೇಬೇಕು.